ಕೊಯ್ದ ಹುಲ್ಲಿನ ವಾಸನೆ ಎಲ್ಲಿಂದ ಬಂತು?

ಮಕ್ಕಳೇ, ಮುಂಗಾರು ಮಳೆ ನಾಲ್ಕು ಸಲ ಚೆನ್ನಾಗಿ ಬಿದ್ದರೆ ಸಾಕು, ಉಡಿಗಾಲದ ಸುತ್ತಲಿನ ಬದುಗಳೆಲ್ಲ ಹಸಿರಾಗುತ್ತವೆ. ಹಸುವಿಗೆ ಮೇವು ತರಲು ಕುಡುಗೋಲು ಹಿಡಿದು ಹೊರಟವರ ಹಿಂದೆ ನೀವೂ ಹೋಗಿರುತ್ತೀರಿ. ಹುಲ್ಲು ಕೊಯ್ಯಲು ಶುರು ಮಾಡಿದ ಕೂಡಲೇ ಒಂದು ಹಸಿ ವಾಸನೆ ಮೂಗಿಗೆ ಬರುತ್ತದೆ, ಅಲ್ಲವೆ? ಅದು ಬಹುಮಂದಿಗೆ ಇಷ್ಟವಾಗುವ ವಾಸನೆ. ಆದರೆ ಒಂದು ವಿಷಯವನ್ನು ನೀವು ಗಮನಿಸಿದ್ದೀರಾ? ಕೊಯ್ಯುವ ಮೊದಲು ಅದೇ ಹುಲ್ಲಿನ ಮೇಲೆ ಕುಳಿತಿದ್ದಾಗ ಆ ವಾಸನೆ ಇರಲಿಲ್ಲ. ಕುಡುಗೋಲು ತಾಗಿದ ಮೇಲೆ ಬಂತು. ಹಾಗಾದರೆ ಅದುವರೆಗೆ ಅದು ಎಲ್ಲಿ ಅಡಗಿತ್ತು?

ಸೌತೆಕಾಯಿಯಲ್ಲೂ ಹೀಗೆಯೇ. ಇಡೀ ಸೌತೆಕಾಯಿಯನ್ನು ಮೂಸಿ ನೋಡಿ. ಹೇಳಿಕೊಳ್ಳುವಂಥ ವಾಸನೆ ಇರುವುದಿಲ್ಲ. ಈಗ ಹೆಚ್ಚಿ. ಅಡುಗೆಮನೆಯಲ್ಲಿ ಸೌತೆಕಾಯಿ ಹೆಚ್ಚಿದರೆ ಪಡಸಾಲೆಯಲ್ಲಿ ಓದುತ್ತಾ ಕುಳಿತವರಿಗೂ ಗೊತ್ತಾಗುತ್ತದೆ!

ಉತ್ತರ ಕೇಳಿದರೆ ನಿಮಗೆ ಆಶ್ಚರ್ಯವಾಗಬಹುದು. ಆ ವಾಸನೆ ಎಲ್ಲಿಯೂ ಅಡಗಿರಲಿಲ್ಲ. ಅದು ಇರಲೇ ಇಲ್ಲ. ಎಲೆಗೆ ಗಾಯವಾದ ಮೇಲೆ, ಕೆಲವೇ ಕ್ಷಣಗಳಲ್ಲಿ ಗಿಡ ಅದನ್ನು ಹೊಸದಾಗಿ ತಯಾರಿಸಿತು. ನಮಗೆ ಅದು ಬರೀ ಪರಿಮಳ. ಗಿಡಕ್ಕೆ ಅದು ಸಾವು ಬದುಕಿನ ವಿಷಯ.

ಅರಿಶಿನ ಮತ್ತು ಸುಣ್ಣ

ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ನಿಮಗೆ ಅರಿಶಿನ ಹೊಸದಲ್ಲ. ಆರತಿಯ ತಟ್ಟೆಯ ನೀರಿಗೆ ಅರಿಶಿನ ಹಾಕಿದರೆ ಹಳದಿ ಬಣ್ಣ. ಅದಕ್ಕೆ ಚಿಟಿಕೆ ಸುಣ್ಣ ಸೇರಿಸಿದರೆ ಕೆಂಪು. ಕೆಂಪು ಬಣ್ಣ ಅರಿಶಿನದಲ್ಲೂ ಇರಲಿಲ್ಲ, ಸುಣ್ಣದಲ್ಲೂ ಇರಲಿಲ್ಲ. ಎರಡೂ ಕೂಡಿದಾಗ ಹುಟ್ಟಿತು.

ಎಲೆಯೊಳಗೆ ನಡೆಯುವುದೂ ಹೆಚ್ಚುಕಡಿಮೆ ಹೀಗೆಯೇ. ಎಲೆ ಲಕ್ಷಾಂತರ ಜೀವಕೋಶಗಳಿಂದ ಆಗಿದೆ. ಪ್ರತಿ ಜೀವಕೋಶಕ್ಕೂ, ಅದರೊಳಗಿನ ಹಸಿರು ಕ್ಲೋರೋಪ್ಲಾಸ್ಟುಗಳಿಗೂ ತೆಳುವಾದ ಪೊರೆಗಳಿವೆ. ಈ ಪೊರೆಗಳು ಬಹುಪಾಲು ಕೊಬ್ಬಿನಿಂದ ಆದವು. "ಎಲೆಯಲ್ಲಿ ಕೊಬ್ಬೇ?" ಎಂದು ಕೇಳುತ್ತೀರಾ? ಹೌದು. ಶೇಂಗಾ ಬೀಜದಲ್ಲಿರುವಷ್ಟು ಇಲ್ಲ, ಆದರೆ ಕೊಬ್ಬಿಲ್ಲದ ಜೀವಕೋಶವೇ ಇಲ್ಲ. ಅದೇ ಜೀವಕೋಶದಲ್ಲಿ ಕೊಬ್ಬಿನ ಮೇಲೆ ಕೆಲಸ ಮಾಡಬಲ್ಲ ಕಿಣ್ವಗಳೂ ಇವೆ. ಎಲೆ ಚೆನ್ನಾಗಿರುವವರೆಗೆ ಪೊರೆಯ ಕೊಬ್ಬು ಪೊರೆಯಲ್ಲೇ ಭದ್ರವಾಗಿ ಇರುತ್ತದೆ. ಕುಡುಗೋಲು ತಾಗಿತೋ, ಹುಳು ಕಚ್ಚಿತೋ, ಪೊರೆ ಹರಿಯುತ್ತದೆ. ಕೊಬ್ಬಿನ ತುಣುಕುಗಳು ಬಿಡುಗಡೆಯಾಗಿ ಕಿಣ್ವದ ಕೈಗೆ ಸಿಗುತ್ತವೆ.

ಕಿಣ್ವ ಎಂದರೆ ಏನೆಂದು ನಿಮಗೆ ಗೊತ್ತೇ ಇದೆ. ನಾವು ಅನ್ನವನ್ನು ಚೆನ್ನಾಗಿ ಅಗಿದಾಗ ಅದು ಸಿಹಿಯಾಗುವುದು ಎಂಜಲಿನಲ್ಲಿರುವ ಕಿಣ್ವದಿಂದ. ಜೀವಿಗಳ ದೇಹದಲ್ಲಿ ನಡೆಯುವ ಕೆಲಸಗಳನ್ನು ಬೇಗ ಬೇಗ ಮಾಡಿಸುವ ಪ್ರೋಟೀನುಗಳೇ ಕಿಣ್ವಗಳು. ನಮ್ಮ ಕಥೆಯ ಮುಖ್ಯ ಕಿಣ್ವದ ಹೆಸರು ಲಿಪಾಕ್ಸಿಜನೇಸ್. ಹೆಸರು ಉದ್ದವಾಗಿದೆ, ಹೆದರಬೇಡಿ. 'ಲಿಪ್' ಎಂದರೆ ಕೊಬ್ಬು, 'ಆಕ್ಸಿಜನ್' ಎಂದರೆ ಆಮ್ಲಜನಕ. ಕೊಬ್ಬಿಗೆ ಆಮ್ಲಜನಕವನ್ನು ಸೇರಿಸುವ ಕಿಣ್ವ. ಹೀಗೆ ಆಮ್ಲಜನಕ ಸೇರುವುದಕ್ಕೆ ಉತ್ಕರ್ಷಣ ಎನ್ನುತ್ತಾರೆ. ಕಬ್ಬಿಣ ತುಕ್ಕು ಹಿಡಿಯುವುದೂ ಒಂದು ಬಗೆಯ ಉತ್ಕರ್ಷಣವೇ.

ಹದಿನೆಂಟು ಮಕ್ಕಳ ಆಟ

ಇದನ್ನು ತಿಳಿಯಲು ಶಾಲೆಯ ಅಂಗಳದಲ್ಲಿ ಒಂದು ಆಟ ಆಡಬಹುದು. 18 ಮಕ್ಕಳು ಒಂದೇ ಸಾಲಿನಲ್ಲಿ ಕೈ ಕೈ ಹಿಡಿದು ನಿಲ್ಲಿ. ಪ್ರತಿಯೊಬ್ಬರೂ ಒಂದೊಂದು ಇಂಗಾಲದ ಪರಮಾಣು. ಈ ಸಾಲೇ ಒಂದು ಕೊಬ್ಬಿನ ಆಮ್ಲದ ಅಣು. ನಾವು ತಿನ್ನುವ ಎಣ್ಣೆಯಲ್ಲಿ ಇಂಥ ಮೂರು ಮೂರು ಸಾಲುಗಳು ಒಂದೇ ಗೂಟಕ್ಕೆ ಕಟ್ಟಿದಂತೆ ಇರುತ್ತವೆ.

ಈಗ ಒಂದು ಕಡೆಯಿಂದ ಎಣಿಸಿಕೊಂಡು ಬನ್ನಿ. 9 ಮತ್ತು 10ನೆಯವರ ನಡುವೆ, 12 ಮತ್ತು 13ನೆಯವರ ನಡುವೆ, 15 ಮತ್ತು 16ನೆಯವರ ನಡುವೆ ಒಂದು ಹಿಡಿತ ಸಾಲದೆಂದು ಇನ್ನೊಂದು ಹಗ್ಗವನ್ನೂ ಹಿಡಿಯಲಿ. ಇವು ಜೋಡಿ ಬಂಧಗಳು. ಇಂಥ ಮೂರು ಜೋಡಿ ಬಂಧಗಳಿರುವ ಸಾಲಿಗೆ ಲಿನೋಲೆನಿಕ್ ಆಮ್ಲ ಎಂದು ಹೆಸರು. ಹಸಿರು ಎಲೆಗಳಲ್ಲಿ ಇದು ಧಾರಾಳವಾಗಿದೆ.

ಲಿಪಾಕ್ಸಿಜನೇಸ್ ಬಂದು ಏನು ಮಾಡುತ್ತದೆ? ಸಾಲಿನಲ್ಲಿ 13ನೆಯವರ ತಲೆಯ ಮೇಲೆ ಒಂದು ಟೋಪಿ ಇಟ್ಟು ಹೋಗುತ್ತದೆ. ಟೋಪಿ ಎಂದರೆ ಆಮ್ಲಜನಕದ ಎರಡು ಪರಮಾಣುಗಳು. ಅಷ್ಟೇ ಅದರ ಕೆಲಸ. ಆದರೆ ಟೋಪಿ ಬಿದ್ದ ಮೇಲೆ ಆ ಜಾಗ ಸಡಿಲವಾದಂತೆಯೇ. ಹಿಂದೆಯೇ ಇನ್ನೊಂದು ಕಿಣ್ವ ಬಂದು 12 ಮತ್ತು 13ನೆಯವರ ಕೈ ಬಿಡಿಸುತ್ತದೆ. ಸಾಲು ಎರಡಾಯಿತು. ಒಂದರಲ್ಲಿ 12 ಮಂದಿ, ಇನ್ನೊಂದರಲ್ಲಿ 6 ಮಂದಿ.

ಈ ಆರು ಮಂದಿಯ ಪುಟ್ಟ ತುಂಡನ್ನು ನೋಡಿ. 18ರ ಸಾಲು ಭಾರವಾಗಿತ್ತು, ಗಾಳಿಗೆ ಏರುತ್ತಿರಲಿಲ್ಲ. ಆರರ ತುಂಡು ಹಗುರ. ಸಲೀಸಾಗಿ ಆವಿಯಾಗಿ ಗಾಳಿಯಲ್ಲಿ ತೇಲಿ ನಿಮ್ಮ ಮೂಗಿಗೆ ಬರುತ್ತದೆ. ಅದರ ಹೆಸರು ಹೆಕ್ಸೆನಾಲ್. ಅದೇ ಕೊಯ್ದ ಹುಲ್ಲಿನ ವಾಸನೆ!

ಸೌತೆಕಾಯಿಯ ಕಿಣ್ವ ಮಾತ್ರ ಟೋಪಿಯನ್ನು 9ನೆಯವರ ತಲೆಗೆ ಇಡುತ್ತದೆ. ಸಾಲು 9 ಮತ್ತು 10ರ ನಡುವೆ ತುಂಡಾಗುತ್ತದೆ. ಒಂಬತ್ತು ಒಂಬತ್ತರ ಸಮ ಪಾಲು. ಒಂಬತ್ತರ ತುಂಡಿನ ವಾಸನೆ ಬೇರೆ. ಆದ್ದರಿಂದಲೇ ಸೌತೆಕಾಯಿ ಹುಲ್ಲಿನಂತೆ ನಾರುವುದಿಲ್ಲ. ನಾಲ್ಕು ಹೆಜ್ಜೆ ಆಚೆಗೆ ಟೋಪಿ ಇಟ್ಟದ್ದಕ್ಕೆ ವಾಸನೆಯೇ ಬದಲಾಯಿತು ನೋಡಿ.

ಎಲೆಯ ಈ ವಾಸನೆಯ ಪದಾರ್ಥವನ್ನು 1912ರಲ್ಲಿ ಜರ್ಮನಿಯ ಕುರ್ಟಿಯಸ್ ಮತ್ತು ಫ್ರಾಂಜೆನ್ ಗುರುತಿಸಿದರು. ಆದರೆ ಅದನ್ನು ತಯಾರಿಸುವ ಕಿಣ್ವ ಪತ್ತೆಯಾದದ್ದು ಎಲೆಯಲ್ಲಿ ಅಲ್ಲ, ಸೋಯಾ ಅವರೆಯ ಬೀಜದಲ್ಲಿ, 1932ರಲ್ಲಿ. 1947ರಲ್ಲಿ ಸ್ವೀಡನ್ನಿನ ಥಿಯೊರೆಲ್ ಮತ್ತು ಸಂಗಡಿಗರು ಅದನ್ನು ಹರಳಿನ ರೂಪದಲ್ಲಿ ಶುದ್ಧವಾಗಿ ಬೇರ್ಪಡಿಸಿದರು. 1993ರಲ್ಲಿ ಎಕ್ಸ್ ಕಿರಣಗಳ ಸಹಾಯದಿಂದ ಅದರ ಪೂರ್ತಿ ಆಕಾರ ತಿಳಿಯಿತು. 839 ಅಮೈನೋ ಆಮ್ಲಗಳ ಉದ್ದನೆಯ ದಾರ ಉಂಡೆಯಂತೆ ಸುತ್ತಿಕೊಂಡಿದೆ. ಆ ಉಂಡೆಯ ಒಳಗೆ ಒಂದೇ ಒಂದು ಕಬ್ಬಿಣದ ಪರಮಾಣು. ಆ ಒಂದು ಪರಮಾಣು ಇಲ್ಲದಿದ್ದರೆ ಉಳಿದದ್ದೆಲ್ಲ ಇದ್ದೂ ಕೆಲಸಕ್ಕೆ ಬಾರದು.

ಹುಳು ಕಚ್ಚಿದಾಗ

ಸರಿ, ಗಿಡ ಇಷ್ಟೆಲ್ಲ ಕಷ್ಟಪಡುವುದು ನಮ್ಮ ಮೂಗಿಗಾಗಿಯೇ? ಖಂಡಿತ ಅಲ್ಲ.

ನಮಗೆ ಯಾರಾದರೂ ಹೊಡೆಯಲು ಬಂದರೆ ಓಡುತ್ತೇವೆ. ಗಿಡ ಓಡಲಾರದು. ಬೇರು ಬಿಟ್ಟ ಜಾಗದಲ್ಲೇ ನಿಂತು ಎದುರಿಸಬೇಕು. ಗಾಯವಾದ ಜಾಗದಲ್ಲಿ ಹುಟ್ಟುವ ಹೆಕ್ಸೆನಾಲ್ ಮೊದಲು ಆ ಗಾಯದಿಂದ ಒಳನುಗ್ಗಲು ಹೊಂಚುವ ಶಿಲೀಂಧ್ರ ಮತ್ತು ಬ್ಯಾಕ್ಟೀರಿಯಾಗಳನ್ನು ತಡೆಯುತ್ತದೆ. ನಾವು ಮಂಡಿ ತರಚಿಕೊಂಡಾಗ ಹಚ್ಚುವ ಔಷಧದಂತೆ. ಎರಡನೆಯದಾಗಿ, ಗಾಳಿಯಲ್ಲಿ ಹರಡಿದ ಆ ವಾಸನೆ ಪಕ್ಕದ ಕೊಂಬೆಗೂ ಪಕ್ಕದ ಗಿಡಕ್ಕೂ ತಲುಪುತ್ತದೆ. ಅವು ತಮ್ಮ ರಕ್ಷಣೆಗೆ ಮೊದಲೇ ಅಣಿಯಾಗುತ್ತವೆ. ಮೂರನೆಯ ಉಪಯೋಗವೇ ಎಲ್ಲಕ್ಕಿಂತ ಸ್ವಾರಸ್ಯದ್ದು. ಅದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ನಿಮ್ಮ ಹೊಲದ ಮುಸುಕಿನ ಜೋಳದ ಸುಳಿಯಲ್ಲಿ ಹಸಿರು ಅಥವಾ ಕಂದು ಬಣ್ಣದ ಹುಳು ಕುಳಿತು ಎಲೆಯನ್ನು ತೂತು ತೂತು ಮಾಡಿ, ಹೊಟ್ಟಿನಂಥ ಲದ್ದಿ ಹಾಕಿರುವುದನ್ನು ನೋಡಿರಬಹುದು. ಅದು ಸೈನಿಕ ಹುಳು. ಇದರ ಒಂದು ಜಾತಿ ಅಮೆರಿಕ ಖಂಡದ್ದು. 2018ರ ಮೇ ತಿಂಗಳಿನಲ್ಲಿ ಅದು ಭಾರತದಲ್ಲಿ ಮೊದಲ ಸಲ ಕಂಡದ್ದು ನಮ್ಮ ಕರ್ನಾಟಕದ ಶಿವಮೊಗ್ಗದಲ್ಲಿ. ಅಲ್ಲಿಂದ ಬೇರೆ ರಾಜ್ಯಗಳಿಗೂ ಬೇಗ ಹಬ್ಬಿತು.

ಅದಕ್ಕೂ ಬಹಳ ಮೊದಲೇ, 1990ರಲ್ಲಿ, ಅಮೆರಿಕದ ವಿಜ್ಞಾನಿಗಳಾದ ಟರ್ಲಿಂಗ್ಸ್, ಟಮ್ಲಿನ್‌ಸನ್ ಮತ್ತು ಲೂಯಿಸ್ ಒಂದು ಪ್ರಯೋಗ ಪ್ರಕಟಿಸಿದ್ದರು. ಮುಸುಕಿನ ಜೋಳದ ಎಳೆಯ ಗಿಡಗಳ ಮೇಲೆ ಸೈನಿಕ ಹುಳುವಿನ ಹತ್ತಿರದ ಇನ್ನೊಂದು ಜಾತಿಯ ಹುಳುಗಳನ್ನು ಅವರು ಬಿಟ್ಟರು. ಹುಳು ಕಚ್ಚಿದ ಕೂಡಲೇ ಹುಲ್ಲಿನಂಥ ವಾಸನೆ ಬಂತು. ಕೆಲವು ಗಂಟೆಗಳು ಕಳೆದ ಮೇಲೆ ಇಡೀ ಗಿಡದಿಂದ ಬೇರೆ ಬೇರೆ ಪರಿಮಳಗಳ ಒಂದು ಮಿಶ್ರಣ ಹೊರಡತೊಡಗಿತು. ಆ ಮಿಶ್ರಣವನ್ನು ಹಿಡಿದು ಚಿಕ್ಕ ಕಣಜಗಳು ಹಾರಿಬಂದವು. ಈ ಕಣಜ ಹುಳುವಿನ ದೇಹದೊಳಗೆ ಮೊಟ್ಟೆ ಇಡುತ್ತದೆ. ಮೊಟ್ಟೆಯೊಡೆದ ಮರಿಗಳು ಹುಳುವನ್ನು ಒಳಗಿನಿಂದಲೇ ತಿಂದು ಬೆಳೆಯುತ್ತವೆ. ಗಿಡದ ಶತ್ರುವಿಗೆ ಶತ್ರು, ಆದ್ದರಿಂದ ಗಿಡಕ್ಕೆ ಮಿತ್ರ!

ಇನ್ನೂ ಒಂದು ವಿಷಯ ಆಗ ಬೆಳಕಿಗೆ ಬಂತು. ಬ್ಲೇಡಿನಿಂದ ಎಲೆಯನ್ನು ಗೀರಿದರೆ ಗಿಡ ಇಷ್ಟು ಪರಿಮಳ ಬಿಡುವುದಿಲ್ಲ. ಗೀರಿದ ಜಾಗಕ್ಕೆ ಹುಳುವಿನ ಎಂಜಲು ಹಚ್ಚಿದರೆ ಬಿಡುತ್ತದೆ. ಕಚ್ಚಿದ್ದು ಹುಳುವೋ ಅಥವಾ ಬರೀ ಗಾಯವೋ ಎಂಬುದನ್ನು ಗಿಡ ಗುರುತಿಸುತ್ತದೆ ಎಂದಾಯಿತು. 1997ರಲ್ಲಿ ಆ ಎಂಜಲಿನಲ್ಲಿರುವ ಪದಾರ್ಥವನ್ನು ಬೇರ್ಪಡಿಸಿ ವೋಲಿಸಿಟಿನ್ ಎಂದು ಹೆಸರಿಟ್ಟರು. ಅದು ಯಾವುದರಿಂದ ಆದದ್ದು ಗೊತ್ತೇ? ಎಲೆಯಿಂದಲೇ ತಿಂದ ಲಿನೋಲೆನಿಕ್ ಆಮ್ಲದಿಂದ! ಕದ್ದ ಮಾಲಿನಿಂದಲೇ ಕಳ್ಳ ಸಿಕ್ಕಿಬಿದ್ದ.

ಇದು ಅಮೆರಿಕದ ಮಾತಾಯಿತು, ನಮ್ಮಲ್ಲಿ ಇಂಥ ಕಣಜಗಳಿವೆಯೇ? ಇವೆ. 2018ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋದ ವಿಜ್ಞಾನಿಗಳು ಕರ್ನಾಟಕದ ಮುಸುಕಿನ ಜೋಳದ ಹೊಲಗಳಲ್ಲಿ ಹುಡುಕಿದರು. ಹೊಸದಾಗಿ ಬಂದ ಸೈನಿಕ ಹುಳುವಿನ ಮೊಟ್ಟೆಗಳ ಮೇಲೆ ದಾಳಿ ಮಾಡುವ ಕಣಜಗಳೂ, ಹುಳುವಿನ ಮೇಲೆ ದಾಳಿ ಮಾಡುವ ಕಣಜಗಳೂ ಸಿಕ್ಕವು. ಹುಳು ಹೊರಗಿನಿಂದ ಬಂದದ್ದಾದರೂ ಅದನ್ನು ಬೇಟೆಯಾಡುವ ಕಣಜಗಳು ನಮ್ಮ ಹೊಲಗಳಲ್ಲೇ ಇದ್ದವು.

ನೀವೂ ಹೊಲದಲ್ಲಿ ಇದರ ಗುರುತು ಹುಡುಕಬಹುದು. ಒಮ್ಮೊಮ್ಮೆ ಎಲೆಯ ಮೇಲೆ ಮಂಕಾಗಿ ಕುಳಿತ ಹುಳುವಿನ ಮೈಮೇಲೆ ಅಥವಾ ಪಕ್ಕದಲ್ಲಿ ಅಕ್ಕಿ ಕಾಳಿಗಿಂತ ಸಣ್ಣ ಬಿಳಿ ಗೂಡುಗಳು ಗುಂಪಾಗಿ ಕಾಣುತ್ತವೆ. ಹುಳುವೇ ಮೊಟ್ಟೆಯಿಟ್ಟಿದೆ ಎಂದು ಅನೇಕರು ಅದನ್ನು ಹೊಸಕಿ ಹಾಕುತ್ತಾರೆ. ಅವು ಹುಳುವಿನ ಮೊಟ್ಟೆಗಳಲ್ಲ, ಕಣಜದ ಗೂಡುಗಳು. ಮೊಟ್ಟೆಯಿಡುವುದು ಹುಳುವಲ್ಲ, ಅದು ಬೆಳೆದು ಆಗುವ ಪತಂಗ ಎಂದು ನೀವು ಪಾಠದಲ್ಲಿ ಓದಿದ್ದೀರಲ್ಲ? ಇಂಥ ಗೂಡು ಕಂಡರೆ ಮುಟ್ಟದೆ ಮನೆಯ ಹಿರಿಯರಿಗೆ ತೋರಿಸಿ. ಔಷಧಿ ಹೊಡೆಯಬೇಕೆ, ಯಾವಾಗ ಹೊಡೆಯಬೇಕು ಎಂದು ತೀರ್ಮಾನಿಸುವಾಗ ಅವರಿಗೆ ಅದು ಬೇಕಾದ ಮಾಹಿತಿ. ಗಿಡ ಕರೆದು ಕಣಜ ಬಂದ ಹೊತ್ತಿಗೆ ಸರಿಯಾಗಿ ವಿಷ ಬಿದ್ದರೆ ಸಾಯುವುದು ಹುಳು ಮಾತ್ರವಲ್ಲ.

ಇಲ್ಲಿ ಒಂದು ಎಚ್ಚರಿಕೆ. "ಗಿಡ ಕರೆಯುತ್ತದೆ" ಎಂದು ಬರೆದೆವು. ಅದು ಮಾತಿನ ಅನುಕೂಲಕ್ಕೆ. ಗಿಡಕ್ಕೆ ಮಿದುಳೂ ಇಲ್ಲ, ನರಗಳೂ ಇಲ್ಲ. ಬಾಯಿಬಿಟ್ಟು ಕೂಗುವ ಉದ್ದೇಶವೂ ಇಲ್ಲ. ನಡೆಯುವುದೆಲ್ಲ ಕಿಣ್ವಗಳ ಕೆಲಸ. ಆದರೆ ಆ ಕೆಲಸ ಎಷ್ಟು ಅಚ್ಚುಕಟ್ಟಾಗಿದೆಯೆಂದರೆ ಬೇರೆ ಮಾತು ಸಿಗುವುದು ಕಷ್ಟ.

ಜಾಜಿ ಹೂವು ಕೊಟ್ಟ ಹೆಸರು

ಕಚ್ಚಿದ ಎಲೆ ಒಂದು, ಪರಿಮಳ ಬಿಟ್ಟದ್ದು ಇಡೀ ಗಿಡ. ಸುದ್ದಿ ಒಂದು ಎಲೆಯಿಂದ ಎಲ್ಲ ಎಲೆಗಳಿಗೂ ಹೇಗೆ ಹೋಯಿತು?

ಮತ್ತೆ 18 ಮಕ್ಕಳ ಸಾಲಿಗೆ ಬನ್ನಿ. 13ನೆಯವರ ತಲೆಗೆ ಟೋಪಿ ಬಿದ್ದಿದೆ. ಈ ಸಲ ಕತ್ತರಿಸುವ ಕಿಣ್ವದ ಬದಲು ಬೇರೊಂದು ಕಿಣ್ವ ಬರುತ್ತದೆ. ಅದು ಸಾಲನ್ನು ತುಂಡು ಮಾಡದೆ ಸ್ವಲ್ಪ ಬಾಗಿಸುವ ಕೆಲಸ ಶುರು ಮಾಡುತ್ತದೆ. ಮಧ್ಯದ ಐದು ಮಂದಿ ಸೇರಿ ಒಂದು ಪುಟ್ಟ ಉಂಗುರವಾಗುತ್ತದೆ. ಆಮೇಲೆ ಸಾಲಿನ ಒಂದು ತುದಿಯಿಂದ ಇಬ್ಬಿಬ್ಬರಂತೆ ಮೂರು ಸಲ ಹೊರಗೆ ಹೋಗುತ್ತಾರೆ. ಉಳಿದವರು ಎಷ್ಟು ಮಂದಿ? ಹದಿನೆಂಟರಲ್ಲಿ ಆರು ಕಳೆದರೆ ಹನ್ನೆರಡು. ಈ ಹನ್ನೆರಡರ ಅಣುವೇ ಜಾಸ್ಮೋನಿಕ್ ಆಮ್ಲ. ಇದು ಗಿಡದ ಹಾರ್ಮೋನು. "ಗಾಯವಾಗಿದೆ, ಸಿದ್ಧವಾಗಿ" ಎಂಬ ಸಂದೇಶ ಗಿಡದಲ್ಲೆಲ್ಲ ಹಬ್ಬುವುದರಲ್ಲಿ ಇದರ ಪಾತ್ರ ದೊಡ್ಡದು. ಮುಸುಕಿನ ಜೋಳದಲ್ಲಿ ಕೆಲವು ಗಂಟೆಗಳ ನಂತರ ಬಂದ ಪರಿಮಳದ ಮಿಶ್ರಣಕ್ಕೂ ಇದರದೇ ಆಜ್ಞೆ.

ಹೆಸರು ಎಲ್ಲಿಂದ ಬಂತೆಂದು ಊಹಿಸಿದಿರಾ? ಇಂಗ್ಲಿಷಿನಲ್ಲಿ ಮಲ್ಲಿಗೆಗೆ ಜಾಸ್ಮಿನ್ ಎನ್ನುತ್ತಾರೆ. ಈ ಆಮ್ಲದ ಸುವಾಸನೆಯ ರೂಪವನ್ನು 1962ರಲ್ಲಿ ಮೊದಲು ಪಡೆದದ್ದು ಜಾಜಿ ಹೂವಿನ ಎಣ್ಣೆಯಿಂದ. ಆಗ ಅದು ಅತ್ತರು ತಯಾರಿಸುವವರಿಗೆ ಬೇಕಾದ ಪದಾರ್ಥವಾಗಿತ್ತು, ಅಷ್ಟೆ. ಗಿಡದ ರಕ್ಷಣೆಗೂ ಅದಕ್ಕೂ ಇರುವ ನಂಟು ತಿಳಿಯಲು ಇನ್ನೂ ಸುಮಾರು ಮೂವತ್ತು ವರ್ಷ ಬೇಕಾಯಿತು.

ಆ ನಂಟು ಸಿಕ್ಕಿದ್ದು ಟೊಮೆಟೊ ಗಿಡದಲ್ಲಿ. ಅಮೆರಿಕದ ಕ್ಲಾರೆನ್ಸ್ ರಯಾನ್ ಮತ್ತು ಸಂಗಡಿಗರು 1972ರಲ್ಲಿ ಒಂದು ವಿಷಯ ಕಂಡುಕೊಂಡಿದ್ದರು. ಟೊಮೆಟೊದ ಒಂದು ಎಲೆಯನ್ನು ಕೀಟ ತಿಂದರೆ, ಉಳಿದ ಎಲೆಗಳಲ್ಲೂ ಒಂದು ಬಗೆಯ ಪ್ರೋಟೀನು ತುಂಬಿಕೊಳ್ಳುತ್ತದೆ. ಅದನ್ನು ತಿಂದ ಹುಳುವಿನ ಹೊಟ್ಟೆಯಲ್ಲಿ ಜೀರ್ಣಕ್ರಿಯೆಯೇ ಕೆಡುತ್ತದೆ. ತಿಂದದ್ದು ಮೈಗೆ ಹತ್ತುವುದಿಲ್ಲ. ಹುಳು ಸೊರಗುತ್ತದೆ. 1990ರಲ್ಲಿ ರಯಾನ್ ಮತ್ತು ಫಾರ್ಮರ್ ಮುಚ್ಚಿದ ಪಾತ್ರೆಯೊಂದರಲ್ಲಿ ಟೊಮೆಟೊ ಗಿಡದ ಪಕ್ಕ ಜಾಸ್ಮೋನಿಕ್ ಆಮ್ಲದ ಸುವಾಸನೆಯ ರೂಪವನ್ನು ತಾನಾಗಿಯೇ ಹೊರಬಿಡುವ ಒಂದು ಕಾಡುಗಿಡದ ಕೊಂಬೆ ಇಟ್ಟರು. ಟೊಮೆಟೊವನ್ನು ಯಾರೂ ಕಚ್ಚಲಿಲ್ಲ, ಗೀರಲಿಲ್ಲ. ಬರೀ ಆ ಗಾಳಿ ತಾಗಿದ್ದಕ್ಕೇ ಅದರ ಎಲೆಗಳು ಹುಳುವಿನ ಹೊಟ್ಟೆ ಕೆಡಿಸುವ ಪ್ರೋಟೀನನ್ನು ತುಂಬಿಕೊಂಡವು.

ಜಾಸ್ಮೋನಿಕ್ ಆಮ್ಲಕ್ಕೆ ರಕ್ಷಣೆಯಲ್ಲದೆ ಬೇರೆ ಕೆಲಸಗಳೂ ಇವೆ. ಸಾಸಿವೆಯ ಬಳಗದ ಒಂದು ಪುಟ್ಟ ಗಿಡದಲ್ಲಿ ಲಿನೋಲೆನಿಕ್ ಆಮ್ಲವೇ ಇಲ್ಲದಂತೆ ಮಾಡಿ ನೋಡಿದರು. ಹೂವೇನೋ ಬಿಟ್ಟಿತು, ಪರಾಗ ಮಾತ್ರ ಸರಿಯಾಗಲಿಲ್ಲ, ಬೀಜ ಕಟ್ಟಲಿಲ್ಲ. ಜಾಸ್ಮೋನಿಕ್ ಆಮ್ಲ ಕೊಟ್ಟಾಗ ಬೀಜ ಕಟ್ಟಿತು.

ಇನ್ನೊಂದು ಮಾತು. ನಮ್ಮ ದೇಹವೂ ಗಾಯವಾದಾಗ ಹೀಗೆಯೇ ಪೊರೆಯ ಕೊಬ್ಬಿನ ಆಮ್ಲಕ್ಕೆ ಆಮ್ಲಜನಕ ಸೇರಿಸಿ ಸಂದೇಶಗಳನ್ನು ತಯಾರಿಸುತ್ತದೆ. ಗಾಯ ಊದಿಕೊಳ್ಳುವುದು, ನೋಯುವುದು ಅದರಿಂದಲೇ. ಆಸ್ಪಿರಿನ್ ಮಾತ್ರೆ ಆ ಕೆಲಸ ಮಾಡುವ ಕಿಣ್ವವನ್ನು ತಡೆದು ನೋವು ಕಡಿಮೆ ಮಾಡುತ್ತದೆ. ಗಮ್ಮತ್ತೆಂದರೆ, ಆಸ್ಪಿರಿನ್ ಗಿಡಕ್ಕೆ ಕೊಟ್ಟರೆ ಅಲ್ಲೂ ಜಾಸ್ಮೋನಿಕ್ ಆಮ್ಲ ತಯಾರಾಗುವುದು ತಪ್ಪುತ್ತದೆ!

ಕಿಣ್ವ ಇಲ್ಲದಿದ್ದರೆ?

ಒಂದು ಕಿಣ್ವ ಮುಖ್ಯವೋ ಅಲ್ಲವೋ ಎಂದು ತಿಳಿಯಲು ಒಳ್ಳೆಯ ದಾರಿ ಅದನ್ನು ತೆಗೆದು ನೋಡುವುದು. ಜರ್ಮನಿಯ ಯೇನಾ ಪಟ್ಟಣದ ಸಂಶೋಧನಾಲಯದ ಕೆಸ್ಲರ್, ಹಾಲಿಟ್ಶ್ಕೆ ಮತ್ತು ಬಾಲ್ಡ್ವಿನ್ ಹೀಗೆ ಮಾಡಿದರು. ಕಾಡುಹೊಗೆಸೊಪ್ಪಿನ ಗಿಡದಲ್ಲಿ ಒಂದು ಲಿಪಾಕ್ಸಿಜನೇಸ್ ತಯಾರಾಗದಂತೆ ಮಾಡಿ, ಆ ಗಿಡಗಳನ್ನು ಅಮೆರಿಕದ ಯೂಟಾ ಪ್ರಾಂತ್ಯದ ಬಯಲಿನಲ್ಲಿ ನೆಟ್ಟರು. ಮನೆಯೊಳಗಿನ ಕುಂಡದಲ್ಲಲ್ಲ, ನಿಜವಾದ ಹುಳುಗಳಿರುವ ಬಯಲಿನಲ್ಲಿ. 2004ರಲ್ಲಿ ಫಲಿತಾಂಶ ಪ್ರಕಟವಾಯಿತು. ಎಂದಿನ ಶತ್ರುಗಳು ಈ ಗಿಡಗಳನ್ನು ಹೆಚ್ಚು ತಿಂದವು. ಅದಷ್ಟೇ ಆಗಿದ್ದರೆ ಆಶ್ಚರ್ಯವಿರಲಿಲ್ಲ. ಸಾಮಾನ್ಯವಾಗಿ ಆ ಗಿಡದ ಗೋಜಿಗೇ ಹೋಗದ ಒಂದು ಜಿಗಿಹುಳು ಕೂಡ ಬಂದು, ರಸ ಹೀರಿ, ಅಲ್ಲೇ ನೆಲೆಸಿತು. ಬೇರೆ ಹೊಗೆಸೊಪ್ಪಿನ ಗಿಡಗಳನ್ನು ಅದು ಮುಟ್ಟದೆ ಇದ್ದದ್ದು ಏಕೆ ಎಂದು ಆಗ ತಿಳಿಯಿತು. ಬೇಲಿ ಇತ್ತು, ಕಣ್ಣಿಗೆ ಕಾಣುತ್ತಿರಲಿಲ್ಲ.

ಸೂರ್ಯಕಾಂತಿಯ ಬುತ್ತಿ

ಜಾಸ್ಮೋನಿಕ್ ಆಮ್ಲ ಆಗುವಾಗ ತುದಿಯಿಂದ ಇಬ್ಬಿಬ್ಬರು ಹೊರಗೆ ಹೋದರಲ್ಲ, ಅದೂ ಕೊಬ್ಬಿನ ಆಮ್ಲದ ಉತ್ಕರ್ಷಣವೇ. ಆದರೆ ಬೇರೆ ಬಗೆಯದು. ಅದನ್ನು ಮಾಡುವ ಕಿಣ್ವಗಳೂ ಬೇರೆ. ಅವುಗಳ ದೊಡ್ಡ ಕೆಲಸ ಕಾಣುವುದು ಬೀಜ ಮೊಳೆಯುವಾಗ.

ಗುಂಡ್ಲುಪೇಟೆಯ ರಸ್ತೆಯಲ್ಲಿ ಹೋಗುವವರು ಬಸ್ಸು ಕಾರು ನಿಲ್ಲಿಸಿ ಸೂರ್ಯಕಾಂತಿ ಹೊಲದಲ್ಲಿ ಫೋಟೊ ತೆಗೆಸಿಕೊಳ್ಳುವುದನ್ನು ಕಂಡಿರುತ್ತೀರಿ. ಆ ಬೀಜದ ತೂಕದಲ್ಲಿ ನೂರಕ್ಕೆ ಸುಮಾರು 40 ಭಾಗ ಎಣ್ಣೆ. ಆ ಎಣ್ಣೆಯನ್ನು ಸೂರ್ಯಕಾಂತಿ ಕೂಡಿಟ್ಟದ್ದು ನಮ್ಮ ಒಗ್ಗರಣೆಗಲ್ಲ. ಅದು ಮೊಳಕೆಗೆ ಕಟ್ಟಿಕೊಟ್ಟ ಬುತ್ತಿ. ಮಣ್ಣಿನೊಳಗಿನ ಕತ್ತಲೆಯಲ್ಲಿ ಮೊಳಕೆಗೆ ಹಸಿರಿಲ್ಲ, ಬಿಸಿಲಿಲ್ಲ. ಆಹಾರ ತಯಾರಿಸಿಕೊಳ್ಳಲು ಆಗದು. ಆಗ ಕಿಣ್ವಗಳು ಎಣ್ಣೆಯ ಸಾಲುಗಳನ್ನು ತುದಿಯಿಂದ ಎರಡೆರಡು ಇಂಗಾಲದಂತೆ ಬಿಡಿಸುತ್ತಾ ಹೋಗುತ್ತವೆ. 18ರ ಸಾಲು ಎಷ್ಟು ಜೋಡಿಗಳಾಗುತ್ತದೆ? ಒಂಬತ್ತು. ಎಷ್ಟು ಸಲ ಕತ್ತರಿಸಬೇಕು? ಒಂಬತ್ತು ಎಂದವರು ಇನ್ನೊಮ್ಮೆ ಆಟ ಆಡಿ ನೋಡಿ. ಎಂಟೇ ಸಲ!

ಆ ಜೋಡಿಗಳನ್ನು ಸೇರಿಸಿ ಮೊಳಕೆ ಸಕ್ಕರೆ ತಯಾರಿಸಿಕೊಳ್ಳುತ್ತದೆ. ಕೊಬ್ಬಿನ ಆಮ್ಲದಿಂದ ಹೀಗೆ ಸಕ್ಕರೆ ಮಾಡುವುದು ನಮ್ಮ ದೇಹಕ್ಕೆ ಬಾರದ ವಿದ್ಯೆ. ಈ ಕೆಲಸಕ್ಕೆಂದೇ ಜೀವಕೋಶದಲ್ಲಿ ಒಂದು ಪುಟ್ಟ ಕೋಣೆ ಇದೆ ಎಂದು 1967ರಲ್ಲಿ ಬ್ರೈಡೆನ್‌ಬಾಕ್ ಮತ್ತು ಬೀವರ್ಸ್ ಕಂಡುಕೊಂಡರು. ಅವರು ಪರೀಕ್ಷಿಸಿದ್ದು ಮೊಳೆಯುವ ಹರಳು ಬೀಜವನ್ನು.

ಅಡುಗೆಮನೆಯಲ್ಲಿ ಅದೇ ಕಿಣ್ವ

ಈಗ ಹೊಲದಿಂದ ಮನೆಗೆ ಬರೋಣ. ಗಿಡಕ್ಕೆ ರಕ್ಷಕನಾದ ಲಿಪಾಕ್ಸಿಜನೇಸ್ ನಮ್ಮ ಅಡುಗೆಮನೆಯಲ್ಲಿ ಮಾತ್ರ ಸ್ವಲ್ಪ ತಂಟೆಕೋರ. ಬೀಜವನ್ನು ಬೀಸಿದರೂ ರುಬ್ಬಿದರೂ ಜೀವಕೋಶಗಳು ಒಡೆಯುತ್ತವೆ. ಕಿಣ್ವಕ್ಕೆ ಹುಳು ಕಚ್ಚಿತೋ ಬೀಸುವ ಕಲ್ಲು ತಿರುಗಿತೋ ಎಂಬ ಭೇದ ತಿಳಿಯದು. ಕೊಬ್ಬು ಸಿಕ್ಕಿತು, ಗಾಳಿ ಸಿಕ್ಕಿತು, ಕೆಲಸ ಶುರು.

ಅಕ್ಕಿ ಗಿರಣಿಯ ತೌಡನ್ನು ಮೂಸಿ ನೋಡಿ. ಅಂದಿನದಾದರೆ ಸಿಹಿ ವಾಸನೆ. ಕೆಲವು ದಿನ ಬಿಟ್ಟು ಮೂಸಿದರೆ ಕಮಟು. ಮೊದಲು ಒಂದು ಕಿಣ್ವ ತೌಡಿನ ಎಣ್ಣೆಯಿಂದ ಕೊಬ್ಬಿನ ಆಮ್ಲಗಳನ್ನು ಬಿಡಿಸುತ್ತದೆ, ಆಮೇಲೆ ಲಿಪಾಕ್ಸಿಜನೇಸ್ ಅವಕ್ಕೆ ಟೋಪಿ ಹಾಕುತ್ತದೆ. ತೌಡಿನ ಎಣ್ಣೆ ತೆಗೆಯುವ ಕಾರ್ಖಾನೆಗಳಲ್ಲಿ ತೌಡಿಗೆ ಮೊದಲೇ ಹಬೆಯ ಶಾಖ ಕೊಡುವುದು ಇದಕ್ಕೇ. ಶಾಖ ಹೆಚ್ಚಾದರೆ ಕಿಣ್ವದ ಉಂಡೆ ಬಿಚ್ಚಿಹೋಗುತ್ತದೆ. ಬೆಂದ ಮೊಟ್ಟೆಯ ಬಿಳಿಭಾಗ ಮತ್ತೆ ನೀರಾಗದಂತೆ, ಬಿಚ್ಚಿದ ಕಿಣ್ವವೂ ಮತ್ತೆ ಕೆಲಸಕ್ಕೆ ಬಾರದು.

ಸೋಯಾ ಅವರೆಯಲ್ಲಿ ಈ ತೊಂದರೆ ಎಲ್ಲಕ್ಕಿಂತ ಹೆಚ್ಚು. ಬೀದರ್, ಬೆಳಗಾವಿ, ಧಾರವಾಡ ಜಿಲ್ಲೆಗಳಲ್ಲಿ ಇದು ದೊಡ್ಡ ಬೆಳೆ. ಮೀಲ್ ಮೇಕರ್ ಎಂದು ಪಲಾವಿಗೆ ಹಾಕುತ್ತಾರಲ್ಲ, ಅದು ಸೋಯಾದ್ದೇ. ಬೇಳೆಗಳಿಗಿಂತ ಹೆಚ್ಚು ಪ್ರೋಟೀನು ಇದರಲ್ಲಿದೆ. ಬೆಳೆಯುವ ಮಕ್ಕಳಿಗೆ ಬಹಳ ಒಳ್ಳೆಯದು. ಆದರೆ ನೆನೆಹಾಕಿ ತಣ್ಣೀರಿನಲ್ಲಿ ರುಬ್ಬಿದರೆ ಸೊಪ್ಪಿನಂಥ ಹಸಿ ವಾಸನೆ. ಲೋಟ ಮುಂದಿಟ್ಟರೆ ಮಕ್ಕಳು ಮೂಗು ಮುಚ್ಚುತ್ತಾರೆ. ಎಷ್ಟು ಪೌಷ್ಟಿಕವಾದರೇನು, ಕುಡಿಯದ ಹಾಲಿನಿಂದ ಪ್ರಯೋಜನವಿಲ್ಲ. 1967ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ಒಂದು ಸುಲಭ ಉಪಾಯ ತೋರಿಸಿದರು. ತಣ್ಣೀರಿನ ಬದಲು 80 ಡಿಗ್ರಿ ಸೆಲ್ಸಿಯಸ್ ಮೀರಿದ ಬಿಸಿನೀರಿನಲ್ಲೇ ರುಬ್ಬಿ! ಕಾಳು ಒಡೆಯುವ ಕ್ಷಣದಲ್ಲೇ ಕಿಣ್ವ ಕೆಡುತ್ತದೆ, ವಾಸನೆ ಹುಟ್ಟುವುದಿಲ್ಲ. ರುಬ್ಬಿದ ಮೇಲೆ ಕುದಿಸಿದರೆ ತಡವಾಯಿತು.

ನಮ್ಮ ಪಕ್ಕದ ಮೈಸೂರಿನಲ್ಲೂ ಈ ಕಿಣ್ವದ ಅಧ್ಯಯನ ನಡೆದಿದೆ. ಚೆಲುವಾಂಬ ಅರಮನೆಯಲ್ಲಿ 1950ರಲ್ಲಿ ಶುರುವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದಲ್ಲಿ ಎ. ಜಿ. ಅಪ್ಪು ರಾವ್ ಮತ್ತು ಸಂಗಡಿಗರು ಸೋಯಾದ ಲಿಪಾಕ್ಸಿಜನೇಸನ್ನು ಪರೀಕ್ಷಿಸಿದರು. ಶಾಖ ಕೊಟ್ಟಾಗ, ಹುಳಿ ಹೆಚ್ಚಿದಾಗ ಆ ಪ್ರೋಟೀನಿನ ಉಂಡೆ ಹೇಗೆ ಬಿಚ್ಚುತ್ತದೆ, ಎಲ್ಲಿ ಸಡಿಲವಾಗುತ್ತದೆ ಎಂದು ವಿವರವಾಗಿ ನೋಡಿದರು. ಎಷ್ಟು ಶಾಖ ಬೇಕು ಎಂದು ಸರಿಯಾಗಿ ತಿಳಿದರೆ ಕಿಣ್ವವೂ ಕೆಡುತ್ತದೆ, ಒಳ್ಳೆಯ ಪೋಷಕಾಂಶವೂ ಉಳಿಯುತ್ತದೆ. ಇಲ್ಲದಿದ್ದರೆ ಸುಮ್ಮನೆ ಕುದಿಸುತ್ತಲೇ ಇರಬೇಕು.

ಸಸ್ಯ ತಳಿ ವಿಜ್ಞಾನಿಗಳು ಇನ್ನೊಂದು ದಾರಿ ಹಿಡಿದಿದ್ದಾರೆ. ಬೀಜದಲ್ಲಿ ಆ ಕಿಣ್ವವೇ ಇಲ್ಲದ ಸೋಯಾ ಬೆಳೆದರೆ ಹೇಗೆ? ಇಂದೋರಿನ ಸೋಯಾ ಸಂಶೋಧನಾ ಸಂಸ್ಥೆ ಎನ್‌ಆರ್‌ಸಿ 142 ಎಂಬ ತಳಿಯನ್ನು ಕೊಟ್ಟಿದೆ. ಹಸಿ ವಾಸನೆಗೆ ಮುಖ್ಯ ಕಾರಣವಾದ ಲಿಪಾಕ್ಸಿಜನೇಸ್-2 ಅದರ ಬೀಜದಲ್ಲಿಲ್ಲ.

ಇಲ್ಲಿ ನೀವು ಒಂದು ಪ್ರಶ್ನೆ ಕೇಳಬೇಕು. ಕಿಣ್ವ ತೆಗೆದರೆ ಯೂಟಾದ ಹೊಗೆಸೊಪ್ಪಿಗೆ ಆದ ಗತಿಯೇ ಈ ಸೋಯಾಕ್ಕೂ ಆಗುವುದಿಲ್ಲವೇ? ಒಳ್ಳೆಯ ಪ್ರಶ್ನೆ. ಗಿಡದಲ್ಲಿ ಲಿಪಾಕ್ಸಿಜನೇಸ್ ಒಂದೇ ಅಲ್ಲ, ಹಲವು ಇವೆ. ಬೀಜದ ಕಿಣ್ವವನ್ನು ತಯಾರಿಸುವ ಜೀನ್ ಬೇರೆ, ಎಲೆಯ ಕಿಣ್ವಗಳನ್ನು ತಯಾರಿಸುವ ಜೀನ್‌ಗಳು ಬೇರೆ. ಬೀಜದ್ದು ಇಲ್ಲವಾದರೂ ಎಲೆಯಲ್ಲಿ ಎಂದಿನಂತೆ ಕಾವಲು ಇರುತ್ತದೆ. ಹುಳು ಕಚ್ಚಿದರೆ ಆ ಸೋಯಾ ಎಲೆಯೂ ಹುಲ್ಲಿನ ವಾಸನೆ ಬಿಡುತ್ತದೆ.

ನೀವೇ ಮಾಡಿ ನೋಡಿ

ಬೇಕಾದವು: ಎರಡು ಹಿಡಿ ಎಳೆಯ ಗರಿಕೆ ಹುಲ್ಲು, ಎರಡು ಬಟ್ಟಲು, ಒಂದು ಗುಂಡುಕಲ್ಲು, ಕುದಿಯುವ ನೀರು. ನೀರನ್ನು ದೊಡ್ಡವರೇ ಹಾಕಿಕೊಡಲಿ.

ಗರಿಕೆಯನ್ನು ಆದಷ್ಟೂ ಜಜ್ಜದಂತೆ ಕಿತ್ತು ತನ್ನಿ. ಒಂದು ಹಿಡಿಯನ್ನು ಬಟ್ಟಲಲ್ಲಿಟ್ಟು ಮುಳುಗುವಷ್ಟು ಕುದಿಯುವ ನೀರು ಹಾಕಿಸಿ. ಎರಡು ನಿಮಿಷ ಬಿಟ್ಟು ನೀರು ಬಸಿದು ಆರಲು ಬಿಡಿ. ಇನ್ನೊಂದು ಹಿಡಿಯನ್ನು ಅಷ್ಟೇ ಹೊತ್ತು ತಣ್ಣೀರಿನಲ್ಲಿಟ್ಟು ಬಸಿಯಿರಿ. ಈಗ ಗೆಳೆಯರೊಬ್ಬರ ಕಣ್ಣಿಗೆ ಬಟ್ಟೆ ಕಟ್ಟಿ. ಎರಡನ್ನೂ ಬೇರೆ ಬೇರೆಯಾಗಿ ಕಲ್ಲಿನಿಂದ ಜಜ್ಜಿ, ಒಂದಾದ ಮೇಲೊಂದು ಅವರ ಮೂಗಿನ ಹತ್ತಿರ ಹಿಡಿಯಿರಿ. ಯಾವುದು ಈಗ ತಾನೆ ಕೊಯ್ದ ಹುಲ್ಲಿನಂತಿದೆ, ಯಾವುದು ಬೇಯಿಸಿದ ಸೊಪ್ಪಿನಂತಿದೆ ಎಂದು ಕೇಳಿ. ಐದಾರು ಮಂದಿಯನ್ನು ಕೇಳಿ ಬರೆದುಕೊಳ್ಳಿ. ಒಬ್ಬರ ಮೂಗನ್ನೇ ನಂಬುವುದು ಬೇಡ, ನೆಗಡಿ ಆಗಿರಬಹುದು!

ಇದೇ ಪ್ರಯೋಗವನ್ನು ಅವರೆ ಸೊಪ್ಪು, ಟೊಮೆಟೊ ಎಲೆ, ಮುಸುಕಿನ ಜೋಳದ ಎಲೆಗಳಲ್ಲೂ ಮಾಡಬಹುದು. ಟೊಮೆಟೊ ಎಲೆಯಲ್ಲಿ ಬೇರೊಂದು ಘಾಟು ಮೊದಲೇ ಇರುತ್ತದೆ. ಅದು ಎಲೆಯ ರೋಮಗಳಿಂದ ಬರುವುದು. ಅದನ್ನು ಇದರ ಲೆಕ್ಕಕ್ಕೆ ಸೇರಿಸಬೇಡಿ.